ಆಟದ ತೋಟದಲ್ಲಿ ಹಿರಿಯರ ಬಿಡಾರ

2018ರ ಶ್ರಾವಣ ಮಾಸದ ಮಾತು. ಅಜ್ಜಂಪುರದಲ್ಲಿ ತಿಂಗಳ ಪರ್ಯಂತ ನಡೆದ ಶರಣ ಚರಿತ್ರೆಯ ಪ್ರವಚನವನ್ನು ನಡೆಸಿಕೊಡುವ ಸೇವೆ ನನ್ನ ಪಾಲಿಗೆ ಬಂದಿತ್ತು. ಪ್ರತಿ ಸಂಜೆ ಮಂಗಳವಾದ ಬಳಿಕ, ಪ್ರಸಾದಕ್ಕೆ ಏಳುವ ಮುನ್ನ, ಶ್ರೋತೃಗಳು ತಮ್ಮ ಸಂದೇಹಗಳನ್ನು ಕೇಳುವ ಪರಿಪಾಠವನ್ನು ಇರಿಸಿಕೊಂಡಿದ್ದೆವು. ಲಿಂಗಧಾರಣೆ, ಸೂತಕ, ಮದುವೆಯ ಮುಹೂರ್ತ, ಹೀಗೆ ಅದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿದ್ದವು. ಒಂದು ಸಂಜೆ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಧರ್ಮಪತ್ನಿ ಎದ್ದು ನಿಂತು ಸೆರಗು ಸರಿಪಡಿಸಿಕೊಂಡು, "ಅಯ್ನೋರೇ, ನಮ್ಮ ಮಗ ದುಡ್ಡು ಕಳಿಸಿದಾನೆ. ನಾವಿಬ್ರೇ ಬಿಡದಿ ಹತ್ರ ಆ ವಂಡರ್‌ಲಾಗೆ ಹೋಗಿ ಎರಡು ರಾತ್ರಿ ಅಲ್ಲೇ ಹೋಟ್ಲಲ್ಲಿ ಉಳ್ಕೊಂಡು ಬರೋಣ ಅಂತ ಆಸೆ. ನಮ್ಮ ವಯಸ್ಸಿನೋರು ಹೋಗ್ಬಹುದಾ?" ಎಂದು ಕೇಳಿದರು.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ತಾಯಿ, ಅರವತ್ತಕ್ಕೆ ಅರಳುಮರಳು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ" ಎಂದುಬಿಟ್ಟೆ. ಸಭೆ ಗೊಳ್ಳೆಂದು ನಕ್ಕಿತು. ಆ ತಾಯಿಯೂ ನಕ್ಕು ಕುಳಿತರು. ಪ್ರಸಾದದ ಪಂಕ್ತಿಯಲ್ಲಿ ಎಂದಿನಂತೆ ನನಗೆ ಕೈಮುಗಿದೇ ಹೋದರು. ದೀಪಾವಳಿಯ ಹೊತ್ತಿಗೆ ಮೇಷ್ಟ್ರು ಸಂತೆಯಲ್ಲಿ ಸಿಕ್ಕಾಗ ತಿಳಿಯಿತು: ಆಕೆ ಮರುದಿನವೇ ಮಗನಿಗೆ ಹಣವನ್ನು ಹಿಂದಿರುಗಿಸಿದ್ದರು. ಕಾರಣ ಕೇಳಿದ ಮಗನಿಗೆ, "ಅಯ್ನೋರು ಬ್ಯಾಡ ಅಂದ್ರು" ಎಂದಷ್ಟೇ ಹೇಳಿದ್ದರಂತೆ.

ನಾನು ಆಡಿದ ಮಾತು ಶಾಸ್ತ್ರವಾಗಿರಲಿಲ್ಲ, ಅನುಭವವೂ ಆಗಿರಲಿಲ್ಲ. ಆ ಸ್ಥಳವನ್ನು ನಾನು ಕಣ್ಣಿನಿಂದ ಕಂಡವನೇ ಅಲ್ಲ. ಮಠದಲ್ಲಿ ಬೆಳೆದವನು ಒಂದು ಮಾತು ಆಡಿದರೆ ಕೇಳುವವರು ಅದನ್ನು ತೂಗಿ ನೋಡುವುದಿಲ್ಲ, ಹೊತ್ತುಕೊಂಡು ಹೋಗುತ್ತಾರೆ. ಇದು ಗೊತ್ತಿದ್ದೂ ನಗೆಯ ಆಸೆಗೆ ಬಿದ್ದೆ. ಆ ಬಳಿಕ ಎರಡು ವರ್ಷ ಕೊರೊನಾ ಬಂದಿತು. 2022ರಲ್ಲಿ ಆ ತಾಯಿಗೆ ಬಲ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಇನ್ನು ತಡಮಾಡಿದರೆ ನನ್ನ ಮಾತು ತಿದ್ದುಪಡಿಯಿಲ್ಲದೆ ಹಾಗೆಯೇ ಉಳಿದುಹೋಗುತ್ತದೆಂದು ನಾನೇ ಅವರ ಮನೆಗೆ ಹೋಗಿ, "ಹೋಗೋಣ ಬನ್ನಿ, ನಾವೂ ಬರುತ್ತೇವೆ" ಎಂದು ಕೇಳಿಕೊಂಡೆ. 2024ರ ಫೆಬ್ರವರಿಯಲ್ಲಿ ಮೇಷ್ಟ್ರು ದಂಪತಿಗಳು, ನಾನು, ನನ್ನ ಮನೆಯವರು, ಅರವತ್ತು ದಾಟಿದ ನಾಲ್ವರು, ಒಂದೂ ಮಗುವಿನ ಕೈಹಿಡಿಯದೆ ಬಿಡದಿಗೆ ಹೋಗಿ ಎರಡು ರಾತ್ರಿ ತಂಗಿ ಬಂದೆವು. ಆ ಪ್ರಯಾಣಕ್ಕಿಂತ ಅದಕ್ಕೆ ಮುಂಚೆ ಬಿಡಾರವನ್ನು ಆರಿಸಲು ನಾವು ಪಟ್ಟ ಪಾಡೇ ದೊಡ್ಡದು. ನಮ್ಮ ಓದುಗ ಕುಟುಂಬಗಳಲ್ಲಿ ಈಗ ಮಕ್ಕಳು ದೂರದಲ್ಲಿರುವ, ಕೈಯಲ್ಲಿ ಸ್ವಲ್ಪ ಹಣವೂ ಬಿಡುವೂ ಇರುವ ಹಿರಿಯರು ಬಹುಮಂದಿ ಇರುವುದರಿಂದ ಆ ವಿಚಾರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಕಳೆಯಬೇಕು. ಇಂಥ ಉದ್ಯಾನಗಳು ಮಕ್ಕಳಿಗಾಗಿಯೇ ಹುಟ್ಟಿದವು, ದೊಡ್ಡವರು ಚೀಲ ಕಾಯುವುದಕ್ಕೆ ಮಾತ್ರ ಹೋಗುವವರು ಎಂದು ನಾನೂ ನಂಬಿದ್ದೆ. ಅಮೆರಿಕದ ವಾಲ್ಟ್ ಡಿಸ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಉದ್ಯಾನಕ್ಕೆ ಕರೆದೊಯ್ದು ತಿರುಗುವ ಕುದುರೆಗಳ ಮೇಲೆ ಕುಳ್ಳಿರಿಸಿ, ತಾವು ಪಕ್ಕದ ಬೆಂಚಿನ ಮೇಲೆ ಕಾಯುತ್ತಾ ಕುಳಿತಿರುತ್ತಿದ್ದರಂತೆ. ಮಕ್ಕಳೂ ಹೆತ್ತವರೂ ಒಟ್ಟಿಗೆ ಸಂತೋಷಪಡುವ ಜಾಗವೊಂದು ಏಕಿರಬಾರದು ಎಂಬ ಯೋಚನೆ ಆ ಬೆಂಚಿನ ಮೇಲೆ ಹುಟ್ಟಿತೆಂದು ಅವರೇ ಹೇಳಿಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ಉದ್ಯಾನ ಕಟ್ಟುವುದರಲ್ಲೇ ಹಣವೆಲ್ಲ ಮುಗಿದಿದ್ದುದರಿಂದ ಪಕ್ಕದ ಹೋಟೆಲನ್ನು ಕಟ್ಟಲು ಅವರಿಗೆ ಶಕ್ತಿಯಿರಲಿಲ್ಲ. ಜಾಕ್ ರಾಥರ್ ಎಂಬ ದೂರದರ್ಶನ ನಿರ್ಮಾಪಕರು ಕಟ್ಟಿಸಿ, ಅದೇ ವರ್ಷದ ಅಕ್ಟೋಬರಿನಲ್ಲಿ ತೆರೆದರು. ಆಟದ ತೋಟಕ್ಕೆ ಅಂಟಿಕೊಂಡಂತೆ ತಂಗುವ ಮನೆಯೂ ಬೇಕೆಂಬುದು ಅಂದಿನಿಂದ ಎಲ್ಲೆಡೆ ರೂಢಿಯಾಯಿತು.

ಆದರೆ ಈ ವಿಷಯದಲ್ಲಿ ನಮ್ಮ ನಾಡು ತೀರ ಹಿಂದೆ ಬಿದ್ದದ್ದಲ್ಲ. ಕನ್ನಂಬಾಡಿ ಕಟ್ಟೆಯ ಬುಡದ ಬೃಂದಾವನದ ಕೆಲಸ 1927ರಲ್ಲಿ ಮೊದಲಾಗಿ 1932ರಲ್ಲಿ ಮುಗಿಯಿತು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲ. ಕಾರಂಜಿಯನ್ನೂ ದೀಪದ ಬೆಳಕನ್ನೂ ಬೆರೆಸಿ ದೊಡ್ಡವರು ಬಾಯ್ತೆರೆದು ನೋಡುವಂಥ ತೋಟವನ್ನು ಅವರು ಮಾಡಿಸಿದರು. ನನ್ನ ವಯಸ್ಸಿನ ಕನ್ನಡಿಗರಲ್ಲಿ ಶಾಲೆಯ ಪ್ರವಾಸದಲ್ಲಿಯೋ ಮದುವೆಯಾದ ಹೊಸದರಲ್ಲಿಯೋ ಬೃಂದಾವನಕ್ಕೆ ಹೋಗದವರು ವಿರಳ. ತೋಟವನ್ನು ಎತ್ತರದಿಂದ ನೋಡುತ್ತಿರುವಂತೆ ನಿಂತ ಹೋಟೆಲನ್ನು ಕೆಳಗಿನಿಂದ ತಲೆಯೆತ್ತಿ ನೋಡಿ, ದೀಪ ಆರಿದೊಡನೆ ಬಸ್ಸಿಗೆ ಓಡಿದವರೇ ನಾವೆಲ್ಲ. ಅಲ್ಲಿ ರಾತ್ರಿ ತಂಗಬಹುದೆಂಬ ಕಲ್ಪನೆಯೇ ನಮಗಿರಲಿಲ್ಲ.

ವಂಡರ್‌ಲಾ ಇತ್ತೀಚಿನದು. ಕೇರಳದ ಉದ್ಯಮಿ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ಕೊಚ್ಚಿಯಲ್ಲಿ ಮೊದಲ ಉದ್ಯಾನವನ್ನೂ 2005ರಲ್ಲಿ ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರು ದೂರದಲ್ಲಿ ಮೈಸೂರು ರಸ್ತೆಯ ಬಿಡದಿಯ ಬಳಿ ಎರಡನೆಯದನ್ನೂ ತೆರೆದರು. ಬಿಡದಿಯ ಉದ್ಯಾನ 80 ಎಕರೆಗೂ ಮಿಗಿಲು. ಅದರ ಆವರಣದಲ್ಲಿಯೇ 84 ಕೋಣೆಗಳ ರೆಸಾರ್ಟ್ 2012ರಲ್ಲಿ ಸಿದ್ಧವಾಯಿತು. ಅಂದರೆ ಆ ತಾಯಿ ನನ್ನನ್ನು ಕೇಳಿದಾಗ ಅದು ತೆರೆದು ಆರು ವರ್ಷಗಳಾಗಿದ್ದವು.

ಹೊರಡುವ ಮಾತು ಬಂದಾಗಲೂ ನನ್ನ ಹಳೆಯ ಬುದ್ಧಿ ಪೂರ್ತಿ ಬಿಟ್ಟಿರಲಿಲ್ಲ. "ಅಮ್ಮ, ನಮ್ಮ ಕೆಮ್ಮಣ್ಣುಗುಂಡಿಯೇ ಇದೆಯಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದು ಇರುತ್ತಿದ್ದ ಜಾಗ. ತೋಟಗಾರಿಕೆ ಇಲಾಖೆಯ ಅತಿಥಿಗೃಹವಿದೆ, ತಂಪಾದ ಗಾಳಿಯಿದೆ" ಎಂದೆ. "ಬೆಟ್ಟ ನೋಡಿದೀನಿ ಅಯ್ನೋರೇ. ನಂಗೆ ತೊಟ್ಲು ಹತ್ಬೇಕು" ಎಂದರು. ಜಾತ್ರೆಯ ಮರದ ತೊಟ್ಟಿಲಲ್ಲಿ ಚಿಕ್ಕಂದಿನಲ್ಲಿ ಕೂತದ್ದೇ ಕೊನೆ. ಮೈನೆರೆದ ಮೇಲೆ ಅಪ್ಪ ಬಿಡಲಿಲ್ಲ, ಮದುವೆಯಾದ ಮೇಲೆ ಅತ್ತೆ ಬಿಡಲಿಲ್ಲ, ಆಮೇಲೆ ಮಕ್ಕಳನ್ನು ಹತ್ತಿಸಿ ಕೆಳಗೆ ನಿಂತು ಅವರ ಚಪ್ಪಲಿ ಕಾದದ್ದಾಯಿತು. ನಡುವೆ ಒಮ್ಮೆ ಅಯ್ಯನವರೂ ಬಿಡಲಿಲ್ಲ ಎಂಬುದನ್ನು ಅವರು ಹೇಳಲಿಲ್ಲ.

ಇನ್ನು ಬಿಡಾರದ ವಿಚಾರ. ನಮ್ಮ ಮುಂದೆ ಇದ್ದದ್ದು ನಾಲ್ಕು ದಾರಿ. ಬೆಂಗಳೂರಿನಲ್ಲಿ ಮೇಷ್ಟ್ರ ಬೀಗರ ಮನೆಯಿದೆ, ಅಲ್ಲಿ ಉಳಿದು ದಿನವೂ ಹೋಗಿಬರುವುದು ಒಂದು. ಯಾವುದಾದರೂ ಮಠದ ಯಾತ್ರಿನಿವಾಸದಲ್ಲಿ ಇಳಿದುಕೊಳ್ಳುವುದು ಇನ್ನೊಂದು. ಬಿಡದಿಯಲ್ಲೋ ರಾಮನಗರದಲ್ಲೋ ಸಾಧಾರಣ ಲಾಡ್ಜು ಹಿಡಿಯುವುದು ಮೂರನೆಯದು. ಉದ್ಯಾನದ ಆವರಣದ ರೆಸಾರ್ಟೇ ಕೊನೆಯದು.

ಬೀಗರ ಮನೆಯನ್ನು ಮೇಷ್ಟ್ರ ಮನೆಯವರೇ ತಳ್ಳಿಹಾಕಿದರು. ಬೀಗರ ಮನೆಗೆ ಹೋದರೆ ಹೋಳಿಗೆ ತಿನ್ನಬೇಕು, ಮಧ್ಯಾಹ್ನ ಕಾಲು ಚಾಚಿ ಮಲಗುವಂತಿಲ್ಲ, ಮೇಲಾಗಿ "ಈ ವಯಸ್ಸಲ್ಲಿ ಎಲ್ಲಿಗೆ ಹೊರಟ್ರಿ?" ಎಂಬ ಪ್ರಶ್ನೆಗೆ ಬಾಗಿಲಲ್ಲೇ ಉತ್ತರ ಹೇಳಬೇಕು. ಮಠದ ಯಾತ್ರಿನಿವಾಸವನ್ನು ತಳ್ಳಿಹಾಕಿದವನು ನಾನು. ಅಲ್ಲಿನ ಕೋಣೆ ದರ್ಶನಕ್ಕೆ ಬರುವವನಿಗೆ, ಮಗನನ್ನು ಉಚಿತ ವಿದ್ಯಾರ್ಥಿನಿಲಯಕ್ಕೆ ಸೇರಿಸಲು ಬಂದ ಬಡ ತಂದೆಗೆ ಮೀಸಲು. ದಾಸೋಹದ ಪ್ರಸಾದವನ್ನು ಅಗ್ಗದ ಊಟವೆಂದು ಎಣಿಸಿ, ಉಳಿದ ಹಣದಲ್ಲಿ ಆಟಕ್ಕೆ ಹೋಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಇದರಲ್ಲಿ ಭಿನ್ನಾಭಿಪ್ರಾಯವಿರುವ ಸದ್ಭಕ್ತರು ಇರಬಹುದು. ನನ್ನ ಅಭಿಪ್ರಾಯವಂತೂ ಇದೇ.

ಉಳಿದ ಎರಡರಲ್ಲಿ ಲಾಡ್ಜಿನ ದರ ಬಹಳ ಕಡಿಮೆ. ಮೇಷ್ಟ್ರು ಲೆಕ್ಕದವರು, ಅತ್ತಲೇ ವಾಲಿದ್ದರು. ಆಗ ನನಗೆ ಮಠದ ದಿನಗಳು ನೆನಪಿಗೆ ಬಂದವು. ನಾವು ವಟುಗಳಾಗಿದ್ದಾಗ ಅತಿಥಿಗಳು ಬಂದರೆ ಉಪಚಾರಕ್ಕೆ ಒಂದು ಕ್ರಮವಿತ್ತು. ಮೊದಲು ಕಾಲಿಗೆ ನೀರು. ನಂತರ ಮೀಯಲು ನೀರು, ಪೂಜೆಗೆ ಮಡಿಯಾದ ಜಾಗ. ಆಮೇಲೆ ಪ್ರಸಾದ. ಮಲಗುವ ಚಾಪೆ. ಮಠವನ್ನು ಸುತ್ತಿ ತೋರಿಸುವುದು ಎಲ್ಲಕ್ಕಿಂತ ಕೊನೆಗೆ, ಅದೂ ಬಂದವರು ಬಯಸಿದರೆ ಮಾತ್ರ. ಹಿರಿಯ ಪ್ರಯಾಣಿಕನ ದೇಹವೂ ಮನಸ್ಸೂ ಬೇಡುವ ಕ್ರಮ ಇದೇ. ರೆಸಾರ್ಟುಗಳ ಜಾಹೀರಾತು ಈ ಕ್ರಮವನ್ನು ಪೂರ್ತಿ ತಲೆಕೆಳಗು ಮಾಡುತ್ತದೆ. ಮೊದಲು ನೋಟ, ಈಜುಕೊಳ, ಬಣ್ಣದ ದೀಪ, ಆಮೇಲೆ ಬಗೆಬಗೆಯ ತಿನಿಸು. ಬಚ್ಚಲಿನ ಬಿಸಿನೀರಿನ ಮಾತು ಎಲ್ಲಿಯೂ ಇಲ್ಲ. ಆದ್ದರಿಂದ ನಾವು ಮಠದ ಕ್ರಮದಲ್ಲಿಯೇ ಒಂದೊಂದು ಪ್ರಶ್ನೆಯನ್ನು ಬರೆದುಕೊಂಡು ದೂರವಾಣಿಯಲ್ಲಿ ಕೇಳತೊಡಗಿದೆವು.

ನೀರಿನಿಂದಲೇ ಮೊದಲಾಗಲಿ. ಅನೇಕ ಲಾಡ್ಜುಗಳಲ್ಲಿ ಬಿಸಿನೀರು ಬರುವುದು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ. ಐದಕ್ಕೆ ಮಿಂದು ಲಿಂಗಪೂಜೆಗೆ ಕೂರುವ ನಮ್ಮಂಥವರಿಗೆ ಅದು ಆಗುವ ಮಾತಲ್ಲ. ಕೋಣೆಯಲ್ಲಿಯೇ ಗೀಸರ್ ಇದೆಯೇ, ಅದು ಎಲ್ಲ ಹೊತ್ತಿನಲ್ಲಿಯೂ ಕೆಲಸ ಮಾಡುತ್ತದೆಯೇ ಎಂದು ಕೇಳಬೇಕು. ಬಚ್ಚಲಿನಲ್ಲಿ ಮೀಯುವ ತೊಟ್ಟಿ ಇದ್ದರೆ ಅದರ ಅಂಚನ್ನು ದಾಟುವಾಗಲೇ ಮೊಣಕಾಲು ನೋವಿನವರು ಬೀಳುವುದು. ನೆಲಮಟ್ಟದ ಶವರ್ ಇರುವ ಕೋಣೆಯನ್ನು, ಗೋಡೆಗೆ ಹಿಡಿಕೆಯಿರುವುದನ್ನು, ಕುಳಿತು ಮೀಯಲು ಒಂದು ಪ್ಲಾಸ್ಟಿಕ್ ಸ್ಟೂಲನ್ನು ಕೇಳಿ ಪಡೆಯಬೇಕು. ಸಂಕೋಚದಿಂದ ಕೇಳದಿದ್ದರೆ ಕೊಡುವವರಿಲ್ಲ. ಕೇಳಿದರೆ ಬಹುಮಟ್ಟಿಗೆ ಕೊಡುತ್ತಾರೆ.

ಪೂಜೆಯ ಜಾಗದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಈಗಿನ ದೊಡ್ಡ ಹೋಟೆಲುಗಳ ಕೋಣೆಯ ಚಾವಣಿಯಲ್ಲಿ ಹೊಗೆಯನ್ನು ಪತ್ತೆಹಚ್ಚುವ ಯಂತ್ರವಿರುತ್ತದೆ. ಊದುಬತ್ತಿ, ಧೂಪ, ಕರ್ಪೂರ ಹಚ್ಚಿದರೆ ಅದು ಕೂಗಿಕೊಂಡು ಇಡೀ ಅಂತಸ್ತನ್ನು ಎಬ್ಬಿಸುತ್ತದೆ. ವಿಭೂತಿ, ಪತ್ರೆ, ಹೂವು, ಒಂದು ತಂಬಿಗೆ ನೀರು ಇಷ್ಟರಲ್ಲಿ ಪೂಜೆಯನ್ನು ಮುಗಿಸುವುದೇ ಲೇಸು. ಇಷ್ಟಲಿಂಗದ ಪೂಜೆಗೆ ಅಂಗೈಯೇ ಪೀಠವಾದ್ದರಿಂದ ನಮಗೆ ಬೇಕಾದದ್ದು ಗುಡಿಯಲ್ಲ, ಕದಡದ ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಕೆಡಿಸುವುದು ಕೋಣೆಯ ದಿಕ್ಕು. ಈಜುಕೊಳದ ಕಡೆಗೆ ತೆರೆಯುವ ಕೋಣೆಗಳಿಗೆ ಹೆಚ್ಚು ದರ. ಅಲ್ಲಿಯೇ ಸಂಗೀತದ ಅಬ್ಬರವೂ ಮಕ್ಕಳ ಕೇಕೆಯೂ ಹೆಚ್ಚು. ಹಿಂಭಾಗದ, ನೋಟವಿಲ್ಲವೆಂದು ಕಡಿಮೆ ದರಕ್ಕೆ ಕೊಡುವ ಕೋಣೆ ನಮ್ಮಂಥವರಿಗೆ ಒಳ್ಳೆಯದು. ಕಡಿಮೆ ಹಣಕ್ಕೆ ಹೆಚ್ಚು ಸುಖ ಸಿಗುವ ಇಂಥ ಸಂದರ್ಭ ಹೋಟೆಲು ವ್ಯವಹಾರದಲ್ಲಿ ಬೇರೆಲ್ಲಿಯೂ ನನಗೆ ಕಾಣಲಿಲ್ಲ.

ಪ್ರಸಾದದ ವಿಷಯ ಸೂಕ್ಷ್ಮವಾದದ್ದು. ಇಂಥ ಹೋಟೆಲುಗಳಲ್ಲಿ ಮಾಂಸಾಹಾರವೂ ಇರುತ್ತದೆ. ಸಾಲಾಗಿ ಇಟ್ಟ ಪಾತ್ರೆಗಳಿಂದ ತಾವೇ ಬಡಿಸಿಕೊಳ್ಳುವ ಪದ್ಧತಿಯಲ್ಲಿ ಒಂದರ ಸೌಟು ಇನ್ನೊಂದಕ್ಕೆ ಹೋಗುವುದನ್ನು ತಡೆಯುವವರಿಲ್ಲ. ಸಸ್ಯಾಹಾರದ ಅಡುಗೆ ಬೇರೆ ಒಲೆಯಲ್ಲಿ ಆಗುತ್ತದೆಯೇ ಎಂದು ಕಾಯ್ದಿರಿಸುವ ಮೊದಲೇ ಕೇಳಬೇಕು. ಬಾಗಿಲು ತೆರೆದೊಡನೆ ಮೊದಲಿಗರಾಗಿ ಹೋಗಿ ಊಟ ಮಾಡಿದರೆ ಸೌಟು ಬದಲಾಗುವ ಹೆದರಿಕೆಯಿಲ್ಲ. ಹೇಗೂ ಬೇಗ ಏಳುವವರು ನಾವು. ಕೋಣೆಯ ದರದಲ್ಲಿ ಬೆಳಗಿನ ಉಪಾಹಾರ ಮಾತ್ರ ಸೇರಿದೆಯೋ, ಮೂರು ಹೊತ್ತೂ ಸೇರಿದೆಯೋ, ಉದ್ಯಾನದ ಪ್ರವೇಶವೂ ಸೇರಿದೆಯೋ ಎಂದು ಬಿಡಿಸಿ ಕೇಳಬೇಕು. ಮೂರು ಹೊತ್ತಿನ ಊಟಕ್ಕೆ ಮುಂಗಡ ತೆತ್ತು, ರಾತ್ರಿ ಒಂದು ಲೋಟ ಹಾಲು ಕುಡಿದು ಮಲಗುವವರು ನಮ್ಮಲ್ಲಿ ಎಷ್ಟು ಜನರಿಲ್ಲ! ನಾವಂತೂ ಒಂದು ಬೆಳಿಗ್ಗೆ ಬಿಡದಿಗೇ ಹೋಗಿ ತಟ್ಟೆ ಇಡ್ಲಿ ತಿಂದು ಬಂದೆವು. ಅಷ್ಟು ದೂರ ಹೋಗಿ ಅದನ್ನು ಬಿಟ್ಟುಬರುವುದು ನ್ಯಾಯವಲ್ಲ.

ನಾನು ಎಂದೂ ಯೋಚಿಸದಿದ್ದ ಇನ್ನೊಂದು ವಿಷಯ ಕೋಣೆ ಕೊಡುವ ವೇಳೆ. ಹಳೆಯ ಲಾಡ್ಜುಗಳಲ್ಲಿ ಯಾವ ಹೊತ್ತಿಗೆ ಬಂದರೂ ಅಲ್ಲಿಂದ ಇಪ್ಪತ್ತನಾಲ್ಕು ಗಂಟೆಯ ಲೆಕ್ಕ. ರೆಸಾರ್ಟುಗಳಲ್ಲಿ ಹಾಗಲ್ಲ. ಮಧ್ಯಾಹ್ನ ಹನ್ನೆರಡಕ್ಕೋ ಎರಡಕ್ಕೋ ಕೋಣೆ ಕೊಟ್ಟು, ಹೊರಡುವ ದಿನ ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಖಾಲಿಮಾಡಿಸುತ್ತಾರೆ. ನಮ್ಮ ಊರಿನವರು ಹುಬ್ಬಳ್ಳಿ ಕಡೆಯಿಂದ ಬರುವ ರಾತ್ರಿಯ ರೈಲನ್ನು ಅಜ್ಜಂಪುರದಲ್ಲೋ ಬೀರೂರಿನಲ್ಲೋ ಹತ್ತಿ ನಸುಕಿಗೆ ಬೆಂಗಳೂರು ಮುಟ್ಟುವುದು ರೂಢಿ. ಹಾಗೆ ಹೋದರೆ ಮೀಯದೆ, ಪೂಜೆಯಿಲ್ಲದೆ, ಬಾಯಿಗೆ ಹನಿ ನೀರು ಹಾಕದೆ ಹೋಟೆಲಿನ ಹೊರಕೋಣೆಯಲ್ಲಿ ಅರ್ಧ ದಿನ ಕೂರಬೇಕಾಗುತ್ತದೆ. ಹಿಂದೊಮ್ಮೆ ಬೇರೊಂದು ಊರಿನ ಹೋಟೆಲಿನಲ್ಲಿ ನನಗೂ ನನ್ನ ಮನೆಯವರಿಗೂ ಇದೇ ಆಯಿತು. ಮಧ್ಯಾಹ್ನ ಒಂದೂವರೆಗೆ ಕೀಲಿಕೈ ಸಿಕ್ಕಿತು. ಲಿಫ್ಟು ಕೆಟ್ಟಿತ್ತು, ಕೋಣೆ ಮೂರನೆಯ ಅಂತಸ್ತಿನಲ್ಲಿತ್ತು, ಕೆಳಗಿನ ಸಭಾಂಗಣದಲ್ಲಿ ಮದುವೆಯ ಬ್ಯಾಂಡು ಬಾರಿಸುತ್ತಿತ್ತು. ಪೂಜೆಗೆ ಕುಳಿತಾಗ ಮೂರು ಗಂಟೆ. ಅಂದಿನಿಂದ ನಾನು ಸಭಾಂಗಣವಿರುವ ಹೋಟೆಲಿಗೆ ಕರೆಮಾಡಿದಾಗಲೆಲ್ಲ "ಆ ದಿನ ಯಾರದಾದರೂ ಮದುವೆ ಇದೆಯೇ?" ಎಂದು ಕೇಳುತ್ತೇನೆ. ಈ ಸಲ ಬೆಳಗಿನ ರೈಲಿಗೆ ಹೊರಟೆವು. ಮನೆಯಲ್ಲಿಯೇ ಪೂಜೆ ಮುಗಿಸಿ, ಬುತ್ತಿ ಕಟ್ಟಿಕೊಂಡು ಹೋದೆವು. ಯಶವಂತಪುರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹಿಡಿದು, ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದೆವು. ಆ ಮಾರ್ಗ 2023ರ ಅಕ್ಟೋಬರಿನಿಂದ ಕೆಂಗೇರಿಯನ್ನೂ ದಾಟಿ ಚಲ್ಲಘಟ್ಟದವರೆಗೆ ಹೋಗುತ್ತದೆ. ನಿಲ್ದಾಣಗಳಲ್ಲಿ ಲಿಫ್ಟು ಇರುವುದರಿಂದ ಮೊಣಕಾಲಿನವರಿಗೆ ಕಷ್ಟವಾಗಲಿಲ್ಲ. ಅಲ್ಲಿಂದ ಬಾಡಿಗೆ ಕಾರು. ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟಿನಿಂದ ಆಟೋಗಳಿಗೆ ಪ್ರವೇಶವಿಲ್ಲ. ಅವು ಪಕ್ಕದ ಸೇವಾ ರಸ್ತೆಯಲ್ಲಿಯೇ ಕುಲುಕಾಡುತ್ತಾ ಹೋಗಬೇಕು. ಕೋಣೆ ಸಿಗುವ ಹೊತ್ತಿಗೆ ಸರಿಯಾಗಿ ತಲುಪಿದೆವು.

ಇಷ್ಟೆಲ್ಲ ಕೇಳಿದ ಮೇಲೂ ಲಾಡ್ಜು ಸಾಕು ಎಂದು ಮೇಷ್ಟ್ರು ವಾದಿಸುತ್ತಲೇ ಇದ್ದರು. ಅವರನ್ನು ಒಪ್ಪಿಸಿದ್ದು ನನ್ನ ಮನೆಯವರು ಕೇಳಿದ ಒಂದೇ ಪ್ರಶ್ನೆ: "ಮಧ್ಯಾಹ್ನ ಏನು ಮಾಡ್ತೀರಿ?"

ವಿಷಯದ ತಿರುಳು ಇಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋದವರು ಬೆಳಿಗ್ಗೆ ಬಾಗಿಲು ತೆರೆದಾಗ ಒಳಹೊಕ್ಕರೆ ಸಂಜೆ ಮುಚ್ಚುವವರೆಗೆ ಅಲ್ಲಿಯೇ ಇರುತ್ತಾರೆ. ತೆತ್ತ ಹಣವನ್ನು ಮಕ್ಕಳು ಆಡಿ ತೀರಿಸುತ್ತಾರೆ. ಅವರಿಗೆ ಕೋಣೆಯೆಂದರೆ ರಾತ್ರಿ ಬಿದ್ದುಕೊಳ್ಳುವ ಜಾಗ, ಎಲ್ಲಿದ್ದರೂ ನಡೆದೀತು. ನಮ್ಮ ಸ್ಥಿತಿ ಬೇರೆ. ನಾವು ಎರಡು ಗಂಟೆ ನಡೆಯುತ್ತೇವೆ, ನಾಲ್ಕು ಆಟ ನೋಡುತ್ತೇವೆ, ಒಂದೆರಡನ್ನು ಹತ್ತುತ್ತೇವೆ. ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ, ರಕ್ತದೊತ್ತಡದ ಗುಳಿಗೆಯ ಹೊತ್ತಾಗಿರುತ್ತದೆ, ಕಣ್ಣು ಎಳೆಯುತ್ತದೆ. ಕೋಣೆ ಹತ್ತು ನಿಮಿಷದ ದಾರಿಯಲ್ಲಿದ್ದರೆ ಹೋಗಿ ಮಲಗಬಹುದು. ಅರ್ಧ ಗಂಟೆಯ ದಾರಿಯಾದರೆ ಹೋಗುವುದಿಲ್ಲ. ಬೆಂಚಿನ ಮೇಲೆ ತೂಕಡಿಸುತ್ತಾ, ಕಾಲು ಊದಿಸಿಕೊಳ್ಳುತ್ತಾ, ಏಕಾದರೂ ಬಂದೆವೋ ಎಂದುಕೊಳ್ಳುತ್ತಾ ಕೂರುತ್ತೇವೆ. ರೆಸಾರ್ಟಿಗೆ ನಾವು ಹೆಚ್ಚಾಗಿ ಕೊಡುವ ಹಣ ಈಜುಕೊಳಕ್ಕಲ್ಲ, ದೀಪಕ್ಕಲ್ಲ, ಆ ಮಧ್ಯಾಹ್ನದ ನಿದ್ದೆಗೆ. ಹೊರಗೆ ಹೋದವರನ್ನು ಅದೇ ದಿನ ಅದೇ ಚೀಟಿಯ ಮೇಲೆ ಮತ್ತೆ ಒಳಗೆ ಬಿಡುತ್ತಾರೆಯೇ ಎಂಬುದು ಆಯಾ ಉದ್ಯಾನದ ನಿಯಮ. ಅದು ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಮೊದಲು ಕೇಳಿಕೊಳ್ಳಬೇಕು. ನಾವು ಆ ಗೊಡವೆಗೇ ಹೋಗದೆ, ಎರಡು ದಿನ ಅರ್ಧರ್ಧ ಹೊತ್ತು ನೋಡುವುದೆಂದು ತೀರ್ಮಾನಿಸಿದೆವು. ಅರವತ್ತು ದಾಟಿದವರಿಗೆ ಪ್ರವೇಶ ದರದಲ್ಲಿ ರಿಯಾಯಿತಿಯಿದೆ. ಆಧಾರ್ ಚೀಟಿ ಕೈಯಲ್ಲಿರಬೇಕು.

ದಿನವನ್ನು ಆರಿಸುವುದರಲ್ಲಿಯೂ ಸ್ವಲ್ಪ ಜಾಣ್ಮೆ ಬೇಕು. ಶನಿವಾರ, ಭಾನುವಾರ, ಹಬ್ಬದ ರಜೆಗಳಲ್ಲಿ ಜನವೂ ಹೆಚ್ಚು, ದರವೂ ಹೆಚ್ಚು. ವಾರದ ನಡುವೆ ಹೋದರೆ ಆಯಿತಲ್ಲ ಎಂದರೆ, ಡಿಸೆಂಬರು ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ವಾರದ ನಡುವೆಯೇ ಬರುತ್ತವೆ. ಫೆಬ್ರವರಿಗೆ ಪರೀಕ್ಷೆಯ ಭಯ ಹತ್ತಿ ಮಕ್ಕಳು ಮನೆ ಸೇರಿರುತ್ತಾರೆ, ಬಿಸಿಲೂ ಇನ್ನೂ ಏರಿರುವುದಿಲ್ಲ. ಮೂವತ್ತೈದು ವರ್ಷ ಶಾಲೆಯಲ್ಲಿ ಕಳೆದ ಮೇಷ್ಟ್ರಿಗೆ ಇದು ಅಂಗೈ ನೆಲ್ಲಿ. ಮಂಗಳವಾರ ಹೋಗಿ ಗುರುವಾರ ಹೊರಡುವಂತೆ ಅವರೇ ಗೊತ್ತುಮಾಡಿದರು.

ಒಳಗೆ ನಮ್ಮ ಹೆಣ್ಣುಮಕ್ಕಳಿಗೆ ಎದುರಾಗುವ ಮೊದಲ ತೊಡಕು ಬಟ್ಟೆಯದು. ನೀರಿನ ಆಟಗಳಿಗೆ ಸೀರೆಯಲ್ಲಾಗಲಿ ಹತ್ತಿಯ ಬಟ್ಟೆಯಲ್ಲಾಗಲಿ ಇಳಿಯಲು ಬಿಡುವುದಿಲ್ಲ. ನೈಲಾನಿನಂಥ ಬಟ್ಟೆಯೇ ಬೇಕು. ಇದು ಅವಮಾನವಲ್ಲ, ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಪ್ರಾಣಕ್ಕೆ ಕುತ್ತು. ಮನೆಯಲ್ಲಿಯೇ ಚರ್ಚಿಸಿ ಸಿದ್ಧವಾಗಿ ಹೋದವರಿಗೆ ಬಾಗಿಲಲ್ಲಿ ಮುಖ ಕೆಡಿಸಿಕೊಳ್ಳುವ ಸಂದರ್ಭ ಬರುವುದಿಲ್ಲ. ನನ್ನ ಮನೆಯವರು ತಾವು ನೀರಿಗಿಳಿಯುವುದಿಲ್ಲವೆಂದರು. ಮೇಷ್ಟ್ರ ಮನೆಯವರು ಮಗಳ ಹಳೆಯ ಉಡುಪೊಂದನ್ನು ಹೊಲಿಗೆ ಬಿಡಿಸಿ ದೊಡ್ಡದು ಮಾಡಿಕೊಂಡು ತಂದಿದ್ದರು. ಅಲೆಯೇಳುವ ಕೊಳದ ಅಂಚಿನಲ್ಲಿ, ನೀರು ಕಣಕಾಲು ಮುಟ್ಟುವಷ್ಟರಲ್ಲಿ, ಮುಕ್ಕಾಲು ಗಂಟೆ ನಿಂತರು. ಅದಕ್ಕಿಂತ ಮುಂದೆ ಹೋಗಲಿಲ್ಲ. ಹೃದ್ರೋಗ, ಬೆನ್ನುಮೂಳೆಯ ನೋವು, ರಕ್ತದೊತ್ತಡ ಇರುವವರು ಯಾವುದನ್ನು ಹತ್ತಬಾರದೆಂದು ಪ್ರತಿ ಆಟದ ಬಳಿಯೂ ಫಲಕವಿರುತ್ತದೆ. ಅದನ್ನು ಓದಬೇಕು. ಓದಿಯೂ ಹತ್ತುವ ಗಂಡಸರನ್ನು ಅಂದು ಇಬ್ಬರನ್ನು ಕಂಡೆ. ಅವರಲ್ಲೊಬ್ಬರು ನಮ್ಮ ಮೇಷ್ಟ್ರು. ಇಳಿದ ಮೇಲೆ ಕಾಲು ಗಂಟೆ ಮಾತಾಡಲಿಲ್ಲ.

ಎರಡನೆಯ ದಿನ ಆಕಾಶಚಕ್ರಕ್ಕೆ ಹೋದೆವು. ಅದು ನೆಲದ ಮೇಲಿಲ್ಲ, ಎತ್ತರದ ಗೋಪುರದ ತುದಿಯಲ್ಲಿದೆ. ಲಿಫ್ಟಿನಲ್ಲಿ ಏರಿ ಅಲ್ಲಿಂದ ತೊಟ್ಟಿಲಿಗೆ ಹತ್ತಬೇಕು. ಆ ತಾಯಿ ಎಡಗಾಲನ್ನು ಮೊದಲಿಟ್ಟು, ನನ್ನ ಮನೆಯವರ ಭುಜ ಹಿಡಿದು ಹತ್ತಿದರು. ನಾನು ಎದುರಿಗೆ ಕುಳಿತೆ. ಚಕ್ರ 2018ರಿಂದ ಅಲ್ಲಿಯೇ ನಿಂತು ಕಾಯುತ್ತಿದ್ದಂತೆ ನನಗೆ ಅನ್ನಿಸಿತು. ನಾನು ಏನೋ ಹೇಳಹೊರಟೆ. "ಸುಮ್ನಿರಿ ಅಯ್ನೋರೇ, ಮ್ಯಾಲೆ ಹೋಗ್ತೈತೆ" ಎಂದರು.

ಈ ಹಣದಲ್ಲಿ ಎಷ್ಟು ಜನಕ್ಕೆ ದಾಸೋಹ ಮಾಡಿಸಬಹುದಿತ್ತು ಎಂಬ ಪ್ರಶ್ನೆಯನ್ನು ಊರಿಗೆ ಮರಳಿದ ಮೇಲೆ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ಆದರೆ ಅದೇ ಪ್ರಶ್ನೆಯನ್ನು ಮಗನ ಮದುವೆಯ ಮಂಟಪಕ್ಕೆ, ಹೊಸ ಮನೆಯ ಅಮೃತಶಿಲೆಗೆ ನಾವು ಕೇಳಿಕೊಳ್ಳುವುದಿಲ್ಲ. ಮುದುಕಿಯೊಬ್ಬಳು ತನಗಾಗಿ ಖರ್ಚು ಮಾಡಿದಾಗ ಮಾತ್ರ ಅದು ನೆನಪಾಗುತ್ತದೆ. ಆ ತಾಯಿ ಪ್ರತಿ ವರ್ಷ ಜಾತ್ರೆಯ ದಾಸೋಹಕ್ಕೆ ಕೊಡುವ ಅಕ್ಕಿಯನ್ನು ಆ ವರ್ಷವೂ ಕಡಿಮೆ ಮಾಡಲಿಲ್ಲವೆಂಬುದನ್ನು ಮಾತ್ರ ನಾನು ಬಲ್ಲೆ.

ದೂರದ ಊರುಗಳಿಗೆ ಹೋಗುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ, ತೂಕ ಮಾತ್ರ ಬೇರೆ. ಹೈದರಾಬಾದಿನ ಹೊರಗಿನ ರಾಮೋಜಿ ಚಿತ್ರನಗರಿ 1996ರಲ್ಲಿ ಸ್ಥಾಪನೆಯಾದದ್ದು. ನಗರದಿಂದ ಹೋಗಿಬರುವುದೇ ಆಯಾಸವಾದ್ದರಿಂದ ಒಳಗಿನ ಹೋಟೆಲು ಹಿರಿಯರಿಗೆ ಲೇಸು. 'ಸಿತಾರಾ' ದುಬಾರಿಯದು, 'ತಾರಾ' ಅದಕ್ಕಿಂತ ಸಾಧಾರಣ. ಅಲ್ಲಿ ಸುತ್ತುವುದು ಬಹುಮಟ್ಟಿಗೆ ಬಸ್ಸಿನಲ್ಲಿ, ನಡಿಗೆ ಕಡಿಮೆ. ಮುಂಬಯಿ–ಪುಣೆ ದಾರಿಯ ಖೋಪೋಲಿಯಲ್ಲಿ 2013ರಲ್ಲಿ ತೆರೆದ ಇಮ್ಯಾಜಿಕಾದ ಬಳಿಯೂ ಹೋಟೆಲಿದೆ. ಅಮೆರಿಕದಲ್ಲಿರುವ ಮಕ್ಕಳು ಕರೆಸಿಕೊಂಡು ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಕರೆದೊಯ್ಯುವ ತಂದೆತಾಯಂದಿರೂ ನಮ್ಮಲ್ಲಿ ಈಗ ಕಡಿಮೆಯಿಲ್ಲ. 1971ರ ಅಕ್ಟೋಬರ್ 1ರಂದು ಎರಡೇ ಹೋಟೆಲುಗಳೊಂದಿಗೆ ಮೊದಲಾದ ಆ ಸ್ಥಳದಲ್ಲಿ ಈಗ ಇಪ್ಪತ್ತಕ್ಕೂ ಹೆಚ್ಚು ಹೋಟೆಲುಗಳಿವೆ. ಆ ಮೊದಲಿನ ಎರಡಕ್ಕೂ ಉದ್ಯಾನದ ಬಾಗಿಲಿಗೂ ಎತ್ತರದ ಹಳಿಯ ಮೇಲೆ ಓಡುವ ರೈಲು ಇರುವುದರಿಂದ ಮಧ್ಯಾಹ್ನ ಹಿಂದಿರುಗುವುದು ಸುಲಭ. ದರ ಮಾತ್ರ ಕೇಳುವಂತಿಲ್ಲ. ಗಾಲಿಕುರ್ಚಿಯನ್ನು ಬಾಡಿಗೆಗೆ ಕೊಡುತ್ತಾರೆ. ಮಗ ಹೇಳಿದನೆಂದು ನಾಚಿಕೊಳ್ಳದೆ ಕುಳಿತುಕೊಳ್ಳಬೇಕು.

ಮೇಷ್ಟ್ರ ಮನೆಯವರು ಈಗ ಹೈದರಾಬಾದಿನ ವಿಚಾರ ತೆಗೆದಿದ್ದಾರೆ. 'ತಾರಾ'ದಲ್ಲಿ ಬೆಳಿಗ್ಗೆ ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆಂದು ಕೇಳಿ ತಿಳಿಸುವ ಕೆಲಸವನ್ನು ನನಗೆ ವಹಿಸಿದ್ದಾರೆ.